ಸೋತ ದಿನದ ಸಿಟ್ಟು ಯಾರ ಪಾಲಿಗೆ?



*ಇಂದಿನ ಧಮ್ಮ ಚಿಂತನೆ*
ಧಮ್ಮಪದ – ಸುಖವರ್ಗ – ಗಾಥೆ 201

ಧಮ್ಮ ಬಂಧುಗಳೇ,

ಈ ವಾರ ನಾವು ಸುಖವರ್ಗ ಓದುತ್ತಿದ್ದೇವೆ. ಇವತ್ತಿನ ಗಾಥೆಯ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಗೆದ್ದವನ ನಿದ್ದೆಯನ್ನು ವೈರ ಕೆಡಿಸುತ್ತದೆ, ಸೋತವನ ನಿದ್ದೆಯನ್ನು ನೋವು ಕೆಡಿಸುತ್ತದೆ. ಎರಡರ ಹೊರೆಯನ್ನೂ ಇಳಿಸಿಟ್ಟವನಿಗೆ ಮಾತ್ರ ನೆಮ್ಮದಿ.

ಭಗವಾನರು ಈ ಮಾತು ಹೇಳಿದ ಸಂದರ್ಭ ನೋಡಿ. ಕೋಸಲದ ರಾಜ ಪಸೇನದಿಗೂ ಅವನ ಸೋದರಳಿಯ ಮಗಧದ ಅಜಾತಶತ್ರುವಿಗೂ ಕಾಶಿಯ ಒಂದು ಹಳ್ಳಿಗಾಗಿ ಯುದ್ಧ ನಡೆಯಿತು. ಪಸೇನದಿ ಮೂರು ಸಲ ಸೋತ. 'ಹಾಲುಗಲ್ಲದ ಹುಡುಗನನ್ನು ಗೆಲ್ಲಲಾಗಲಿಲ್ಲವಲ್ಲ' ಎಂಬ ಅವಮಾನಕ್ಕೆ ಊಟ ಬಿಟ್ಟು ಹಾಸಿಗೆ ಹಿಡಿದ. ಭಿಕ್ಷುಗಳು ಬಂದು ಈ ಸುದ್ದಿ ತಿಳಿಸಿದಾಗ ಭಗವಾನರು ಯಾವ ಸೇನಾಪತಿಯದು ತಪ್ಪು ಎಂದು ಕೇಳಲಿಲ್ಲ. ಸೋಲು ಮನಸ್ಸಿನೊಳಗೆ ಏನು ಮಾಡುತ್ತದೆ, ಗೆಲುವು ಏನು ಮಾಡುತ್ತದೆ ಎಂಬುದನ್ನಷ್ಟೇ ತೋರಿಸಿದರು.

ಈಗ ಇದನ್ನು ನಮ್ಮ ಕಾಲಕ್ಕೆ ತಂದು ನೋಡೋಣ.

2025ರ ಜನವರಿ 5, ಭಾನುವಾರ. ಸಿಡ್ನಿ ಟೆಸ್ಟ್ ನೋಡಲು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಎಷ್ಟೋ ಮನೆಗಳಲ್ಲಿ ಬೆಳಗಿನ ಜಾವ 5 ಗಂಟೆಗೇ ಟಿ.ವಿ. ಹಾಕಿದ್ದರು. ತಿಂಡಿ ಹೊತ್ತಿಗೆ ಎಲ್ಲ ಮುಗಿದಿತ್ತು. ಭಾರತ 6 ವಿಕೆಟ್‌ಗಳಿಂದ ಸೋತಿತು. ಸರಣಿ 3–1ರಿಂದ ಆಸ್ಟ್ರೇಲಿಯಾದ ಪಾಲಾಯಿತು. 10 ವರ್ಷಗಳ ನಂತರ ಬಾರ್ಡರ್–ಗಾವಸ್ಕರ್ ಟ್ರೋಫಿ ಕೈತಪ್ಪಿತು. ಅದಕ್ಕೂ ಎರಡೂವರೆ ತಿಂಗಳ ಮುಂಚೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್ ಆಗಿದ್ದ ನೋವು ಇನ್ನೂ ಆರಿರಲಿಲ್ಲ.

ನಾಯಕ ರೋಹಿತ್ ಶರ್ಮಾ ಆ ಸರಣಿಯಲ್ಲಿ ಗಳಿಸಿದ್ದು ಒಟ್ಟು 31 ರನ್. ನಮ್ಮೂರಿನವರೇ ಎಂದು ನಾವು ಅಂದುಕೊಂಡಿರುವ ವಿರಾಟ್ ಕೊಹ್ಲಿ ಪರ್ತ್‌ನಲ್ಲಿ ಶತಕ ಹೊಡೆದರೂ ಸರಣಿಯಲ್ಲಿ ಗಳಿಸಿದ್ದು 190 ಮಾತ್ರ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡಿಗೆ ಬ್ಯಾಟು ಚಾಚಿ ಮತ್ತೆ ಮತ್ತೆ ಔಟಾದರು. 'ಇವರು ತಿದ್ದಿಕೊಳ್ಳಬೇಕು, ಇಲ್ಲವೇ ಜಾಗ ಬಿಡಬೇಕು' ಎಂದು ಯಾರಾದರೂ ಹೇಳಿದರೆ ಅದು ಟೀಕೆ. ಟೀಕೆಯಲ್ಲಿ ತಪ್ಪಿಲ್ಲ. ಆದರೆ ಅಂಥ ದಿನಗಳಲ್ಲಿ ಮೊಬೈಲಿಗೆ ಬಂದು ಬೀಳುವುದೆಲ್ಲ ಟೀಕೆಯೇ? ಆಟಗಾರನ ಹೆಂಡತಿಯನ್ನು ಬೈಯುವುದು, ತಾಯಿಯನ್ನು ಎಳೆದು ತರುವುದು, ಧರ್ಮ ಹಿಡಿದು ಹಂಗಿಸುವುದು, ಇವು ಬ್ಯಾಟಿಂಗಿಗೆ ಸಂಬಂಧಪಟ್ಟ ಮಾತುಗಳಲ್ಲ.

ಒಂದು ಸಂಗತಿ ಗಮನಿಸಿ. ಗೆದ್ದ ದಿನ 'ನಾವು ಗೆದ್ದೆವು' ಎನ್ನುತ್ತೇವೆ. ಸೋತ ದಿನ 'ಅವರು ಸೋತರು' ಎನ್ನುತ್ತೇವೆ. ಗೆದ್ದಾಗ 'ನಾವು' ಎಂಬ ಮಾತು ಊರಗಲ ಇರುತ್ತದೆ, ಅದರೊಳಗೆ ಎಲ್ಲರಿಗೂ ಜಾಗ. ಸೋತಾಗ ಅದು ಕುಗ್ಗುತ್ತದೆ. ಕುಗ್ಗುವಾಗ ಯಾರನ್ನು ಮೊದಲು ಹೊರಗೆ ತಳ್ಳುತ್ತದೆ ಎಂದು ನೋಡಿದರೆ ಈ ದೇಶದಲ್ಲಿ ಜಾತಿ ಎಲ್ಲಿ ಅಡಗಿ ಕೂತಿದೆ ಎಂಬುದು ತಿಳಿಯುತ್ತದೆ.

2021ರ ಆಗಸ್ಟ್ 4. ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಭಾರತದ ಮಹಿಳಾ ಹಾಕಿ ತಂಡ ಅರ್ಜೆಂಟೀನಾಗೆ 2–1ರಿಂದ ಸೋತಿತು. ಅದೇ ತಂಡದ ವಂದನಾ ಕಟಾರಿಯಾ ಕೆಲವೇ ದಿನ ಮುಂಚೆ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಗೋಲು ಹೊಡೆದಿದ್ದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರು ಹಾಗೆ ಮಾಡಿದ್ದು ಅದೇ ಮೊದಲು. ಆದರೂ ಸೋತ ದಿನ ಹರಿದ್ವಾರದ ಬಳಿ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದು ಕುಣಿದರು, ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತದ್ದು ಎಂದು ಜಾತಿ ಹಿಡಿದು ಬೈದರು ಎಂದು ಕುಟುಂಬ ಪೊಲೀಸರಿಗೆ ದೂರು ಕೊಟ್ಟಿತು.

ಅದೇ ವರ್ಷ ಅಕ್ಟೋಬರ್ 24ರಂದು ದುಬೈನಲ್ಲಿ ಟಿ20 ವಿಶ್ವಕಪ್‌ನ ಪಂದ್ಯ. ಪಾಕಿಸ್ತಾನದ ಎದುರು ಭಾರತ 10 ವಿಕೆಟ್‌ಗಳಿಂದ ಸೋತಿತು. ಸೋತವರು 11 ಜನ, ಆದರೆ ದೇಶದ್ರೋಹದ ಮಾತು ಕೇಳಬೇಕಾಗಿ ಬಂದದ್ದು ಮೊಹಮ್ಮದ್ ಶಮಿ. ನಾಯಕರಾಗಿದ್ದ ಕೊಹ್ಲಿ ಶಮಿಯ ಪರ ನಿಂತು, ಧರ್ಮದ ಹೆಸರಿನಲ್ಲಿ ಒಬ್ಬನ ಮೇಲೆ ಬೀಳುವುದು ಅತ್ಯಂತ ಹೀನ ಕೆಲಸ ಎಂಬರ್ಥದಲ್ಲಿ ಮಾತಾಡಿದರು. ಆಮೇಲೆ ಅವರ ಮಗಳಿಗೇ ಜಾಲತಾಣದಲ್ಲಿ ಬೆದರಿಕೆ ಬಂತು. ಆ ಕೂಸಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಇದೇ ಅದು. ಸಿಟ್ಟು ನೀರಿನ ಹಾಗೆ, ಇಳಿಜಾರು ಹುಡುಕಿಕೊಂಡು ಹರಿಯುತ್ತದೆ. ಈ ದೇಶದಲ್ಲಿ ಇಳಿಜಾರನ್ನು ಹೊಸದಾಗಿ ಅಗೆಯಬೇಕಾಗಿಲ್ಲ, ಜಾತಿ ಎಂಬ ಮೆಟ್ಟಿಲು ಮೊದಲೇ ಇದೆ. ಮನೆಯೊಳಗೂ ಇಳಿಜಾರಿದೆ. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ 2002, 2006, 2010ರ ಫುಟ್‌ಬಾಲ್ ವಿಶ್ವಕಪ್‌ಗಳ ದಿನಗಳನ್ನು ಇಟ್ಟುಕೊಂಡು ಸಂಶೋಧಕರು ಪೊಲೀಸ್ ದಾಖಲೆ ನೋಡಿದರು. ಇಂಗ್ಲೆಂಡ್ ಸೋತ ದಿನ ಮನೆಯೊಳಗಿನ ಹಿಂಸೆಯ ದೂರುಗಳು 38% ಹೆಚ್ಚಿದ್ದವು. ಗೆದ್ದ ಅಥವಾ ಸಮ ಮಾಡಿಕೊಂಡ ದಿನವೂ 26% ಹೆಚ್ಚಿದ್ದವು. ಗೆಲುವೂ ಸೋಲೂ ಎರಡೂ ಮನಸ್ಸನ್ನು ಕೆಡಿಸುತ್ತವೆ ಎಂಬ ಭಗವಾನರ ಮಾತಿಗೆ ಬೇರೆ ವ್ಯಾಖ್ಯಾನ ಬೇಕೇ?

ಗೆಲುವಿನ ಮಾತಿಗೆ ನಮ್ಮೂರಿನ ನೆನಪೇ ಸಾಕು. 2025ರ ಜೂನ್ 3ರ ರಾತ್ರಿ 18 ವರ್ಷದ ಕಾಯುವಿಕೆ ಮುಗಿದು ಆರ್‌ಸಿಬಿ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜೀವ ಹೋಯಿತು. ಜನವರಿಯಲ್ಲಿ ಬೈಸಿಕೊಂಡ ಕೊಹ್ಲಿಯನ್ನೇ ಜೂನಿನಲ್ಲಿ ಕಣ್ತುಂಬ ನೋಡಲು ಬಂದಿದ್ದ ಜನ ಅದು. ಊರೂ ಅದೇ, ಆಟಗಾರನೂ ಅವನೇ, ನಡುವೆ ಐದೇ ತಿಂಗಳು.

ಬಂಧುಗಳೇ, ಸೋತು ಬಂದವರನ್ನು ನಮ್ಮ ಹಿರಿಯರು ಹೇಗೆ ಎದುರುಗೊಂಡರು ಎಂಬುದಕ್ಕೂ ಒಂದು ಉದಾಹರಣೆ ಇದೆ. 1911ರಲ್ಲಿ ಭಾರತದ ತಂಡ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋಯಿತು. ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ಅಂಥ ಪ್ರವಾಸದಲ್ಲಿ ಒಬ್ಬ ಬೌಲರ್ 114 ವಿಕೆಟ್ ತೆಗೆದರು. ಅವರು ಪಾಲ್ವಂಕರ್ ಬಾಲೂ. ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಅವರ ಕೈಯಿಂದ ಬಂದ ಚೆಂಡು ಸವರ್ಣರಿಗೆ ಬೇಕಿತ್ತು. ಟೀ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಲೋಟದಲ್ಲಿ ಬೇರೆ ಟೀ.

ಆ ಸೋಲಿನ ಪ್ರವಾಸ ಮುಗಿಸಿ ಬಂದ ಬಾಲೂ ಅವರಿಗೆ ಮುಂಬಯಿಯ ಶೋಷಿತ ಸಮುದಾಯ ಸನ್ಮಾನ ಮಾಡಿತು. ಆ ಮಾನಪತ್ರ ಬರೆದು ಅರ್ಪಿಸಿದವರು ಯುವಕ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. 'ತಂಡ ಯಾಕೆ ಸೋತಿತು' ಎಂದು ಅವರು ಬಾಲೂ ಅವರನ್ನು ಕಟಕಟೆಗೆ ನಿಲ್ಲಿಸಲಿಲ್ಲ. ಸೋಲಿನ ರಾಶಿಯೊಳಗೆ ಒಬ್ಬನ ದುಡಿಮೆಯನ್ನು ಗುರುತಿಸಿದರು. ಸಿಡ್ನಿಯಲ್ಲಿ ಸೋತ ಸರಣಿಯಲ್ಲೂ ಜಸ್‌ಪ್ರೀತ್ ಬುಮ್ರಾ 32 ವಿಕೆಟ್ ತೆಗೆದಿದ್ದರು. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಕೊನೆಯ ಪಂದ್ಯದಲ್ಲಿ 6 ವಿಕೆಟ್ ತೆಗೆದಿದ್ದರು. ಸಿಟ್ಟಿನ ಕಣ್ಣಿಗೆ ಇವು ಕಾಣುವುದಿಲ್ಲ.

ಒಂದು ಪ್ರಶ್ನೆ ಬರಬಹುದು. 'ಸೋಲು ಗೆಲುವು ಬಿಡಿ ಎಂದರೆ ಹೋರಾಟವನ್ನೇ ಬಿಡಬೇಕೇ?' ಇಲ್ಲ. ಬಾಬಾಸಾಹೇಬರ ಬದುಕನ್ನೇ ನೋಡಿ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅವರ ಎದುರು ನಿಂತವರು ಇದೇ ಬಾಲೂ. ಬಾಬಾಸಾಹೇಬರು ಗೆದ್ದರು. ಸಂವಿಧಾನ ಬರೆದುಕೊಟ್ಟ ಮೇಲೆ 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಬಾಬಾಸಾಹೇಬರೇ ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಸೋತರು. ಆ ಸೋಲುಗಳ ನಡುವೆಯೂ ರಾಜ್ಯಸಭೆಯಲ್ಲಿ ಕೆಲಸ ಮಾಡಿದರು, 'ಬುದ್ಧ ಮತ್ತು ಅವನ ಧಮ್ಮ' ಬರೆದರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರನ್ನು ಧಮ್ಮದ ದಾರಿಗೆ ತಂದರು. ಬಿಡಬೇಕಾದದ್ದು ಕೆಲಸವನ್ನಲ್ಲ, ಸೋಲಿನಿಂದ ಹುಟ್ಟುವ ವೈರವನ್ನು.

ಇನ್ನು ನಮ್ಮ ಮನೆಯ ಮಾತು. ಶಮಿಯಂಥ ಆಟಗಾರರ ಮೇಲಿನ ಕೊಳಕು ಜೋಕುಗಳು ನಮ್ಮ ಗುಂಪುಗಳಿಗೂ ಬರುತ್ತವೆ. ನೀಲಿ ಬಾವುಟದ ಡಿಪಿ ಇರುವ ನಂಬರಿನಿಂದಲೂ ಬರುತ್ತವೆ. ವಂದನಾ ಅವರ ಮನೆ ಮುಂದಿನ ಪಟಾಕಿ ಸದ್ದು ನಮ್ಮ ಎದೆಗೆ ತಾಗುತ್ತದೆ, ಶಮಿಗೆ ಬಂದ ಬೈಗುಳ ತಾಗುವುದಿಲ್ಲ ಎಂದರೆ ನಾವು ಮೈತ್ರಿಯನ್ನು ಅರ್ಧ ಮಾತ್ರ ಕಲಿತಿದ್ದೇವೆ. ಮೆಟ್ಟಿಲಿನ ಕೆಳಗೆ ನಿಂತು ಕೊಳಕು ನೀರು ಹೊಯ್ಯಿಸಿಕೊಂಡವರು ನಾವು. ಅದನ್ನು ಇನ್ನೊಬ್ಬರ ತಲೆಗೆ ದಾಟಿಸದೆ ತಡೆಯಬೇಕಾದವರೂ ನಾವೇ.

*ಇಂದಿನ ಅಭ್ಯಾಸ*

1. ಮುಂದಿನ ಸಲ ತಂಡ ಸೋತಾಗ ಬೇಜಾರಾದರೆ 'ಬೇಜಾರಾಗಿದೆ' ಎಂದು ಒಪ್ಪಿಕೊಳ್ಳಿ. ಹತ್ತು ಉಸಿರು ಗಮನಿಸಿ, ಆಮೇಲೆ ಮೊಬೈಲ್ ಹಿಡಿಯಿರಿ.

2. ಫಾರ್ವರ್ಡ್ ಮಾಡುವ ಮುಂಚೆ ಸಮ್ಮಾ ವಾಚಾ ನೆನೆಯಿರಿ. ಇದು ನಿಜವೇ? ಯಾರಿಗಾದರೂ ಉಪಯೋಗವೇ? ಮೈತ್ರಿಯಿಂದ ಬಂದ ಮಾತೇ? ಆಟದ ಬಗ್ಗೆ ಇದ್ದರೆ ಧಾರಾಳವಾಗಿ ಚರ್ಚಿಸಿ. ಜಾತಿ, ಧರ್ಮ, ಹೆಂಡತಿ, ಮಕ್ಕಳ ಬಗ್ಗೆ ಇದ್ದರೆ ಅಲ್ಲೇ ಅಳಿಸಿ. ಕಳಿಸಿದವರಿಗೆ 'ಅಣ್ಣಾ, ಇದು ಬೇಡ' ಎಂದು ಮೆತ್ತಗೆ ಹೇಳಿ.

3. ಆ ದಿನ ಮನೆಯವರ ಜೊತೆ ಕೂತು ಊಟ ಮಾಡಿ. ಪಸೇನದಿಯ ಹಾಗೆ ತಟ್ಟೆ ತಳ್ಳಬೇಡಿ. ಮಕ್ಕಳು ಆಟ ನೋಡಿ ಕಲಿಯುವುದಕ್ಕಿಂತ ಆಟ ಮುಗಿದ ಮೇಲಿನ ನಮ್ಮ ಮುಖ ನೋಡಿ ಕಲಿಯುವುದೇ ಹೆಚ್ಚು.

ಸೋತವರಿಗೂ ಗೆದ್ದವರಿಗೂ ನೆಮ್ಮದಿಯ ನಿದ್ದೆ ಬರಲಿ. ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏

ನಮೋ ಬುದ್ಧಾಯ. ಜೈ ಭೀಮ್. 💙