ಕಿರೀಟ ಇಳಿಸಿದ ಮೇಲೆ

ರಾತ್ರಿಯಿಡೀ ಕಿರೀಟ, ಭುಜಕೀರ್ತಿ ಹೊತ್ತು ದೊಡ್ಡಾಟ ಕುಣಿದವನು ಬೆಳಗಾದರೆ ಎತ್ತಿಗೆ ನೀರು ತೋರಿಸಲು ಹೋಗಬೇಕು. ರಾತ್ರಿ ಊರಿಗೆ ಊರೇ ನೋಡಿದವನನ್ನು ಆಗ ಯಾರೂ ತಿರುಗಿ ನೋಡುವುದಿಲ್ಲ. ಕಲಾವಿದ ಟಿ.ಬಿ. ಸೊಲಬಕ್ಕನವರ ಈ ಎರಡೂ ಹೊತ್ತಿನ ಮನುಷ್ಯನನ್ನು ಬಲ್ಲವರು. ಚಿತ್ರ ಬರೆದರು, ದೊಡ್ಡಾಟ ಆಡಿಸಿದರು, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೇ, ಉತ್ಸವ ರಾಕ್ ಗಾರ್ಡನ್ ಎಂಬ ಶಿಲ್ಪವನ ಕಟ್ಟಿದರು.

ಅಲ್ಲಿ ಉಳುವ ರೈತ, ಕಮ್ಮಾರ, ಬಳೆಗಾರ, ಬೀಸುವ ಹೆಣ್ಣುಮಕ್ಕಳು ಸಿಮೆಂಟಿನಲ್ಲಿ ಆಳೆತ್ತರ ನಿಂತಿದ್ದಾರೆ. ಡಾ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳಿಗೂ ಜಾಗವಿದೆ, ಇರಲಿ. ನನಗೆ ದೊಡ್ಡದೆನಿಸುವುದು, ಕಿರೀಟವಿಲ್ಲದವನಿಗೂ ಆಳೆತ್ತರ ಸಿಕ್ಕಿತಲ್ಲ, ಅದು.

ನಮ್ಮ ಭಾಗದ ಕೈಕಸುಬಿಗೆ ದುಡಿಯುವವರನ್ನೇ ಚಿತ್ರಿಸುವ ಈ ರೂಢಿ ಇರಲಿಲ್ಲ. ಕಲಘಟಗಿ ತೊಟ್ಟಿಲಿನ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣಲೀಲೆ ಬರುತ್ತದೆ, ರಾಮಾಯಣ ಬರುತ್ತದೆ. ತೊಟ್ಟಿಲು ಮಾಡಿದವನ ಬಾಚಿ ಬರುವುದಿಲ್ಲ. ನವಲಗುಂದದ ಜಮಖಾನೆಯಲ್ಲಿ ನವಿಲು ಉಂಟು, ಮಗ್ಗದ ಮುಂದೆ ಕೂತು ನೇಯ್ದವಳಿಲ್ಲ. ಕಸುಬುದಾರರದೇನೂ ತಪ್ಪಲ್ಲ. ನನ್ನ ದಿನದ ದುಡಿಮೆಯೂ ಚಿತ್ರಕ್ಕೆ ತಕ್ಕದ್ದೇ ಎಂದು ಅವರಿಗೆ ಅನ್ನಿಸುವ ಹಾಗೆ ನಾವು ಯಾವತ್ತೂ ನಡೆದುಕೊಂಡಿಲ್ಲ.

ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅವರ ಬಳೆಗಾರನನ್ನು ಈಗ ನೋಡುವವರಿಗೆ ಅದು ಅಜ್ಜನ ಕಾಲ. ಹಳೆಯದರ ಮೇಲೆ ಅಕ್ಕರೆ ಹುಟ್ಟುವುದು ಸಲೀಸು, ಯಾಕೆಂದರೆ ಹಳೆಯದು ಕೂಲಿ ಕೇಳುವುದಿಲ್ಲ. ಕುಂದಗೋಳದ ಕಡೆ ಕಣದಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ಆರಿಸುವವಳು ಕೇಳುತ್ತಾಳೆ. ಬಿಳಿಚಿದ್ದನ್ನು ಒಂದು ಕಡೆ, ಕೆಂಪಗಿನದನ್ನು ಇನ್ನೊಂದು ಕಡೆ ಎಸೆಯುತ್ತಾಳೆ. ಮೊಬೈಲು ಗುಣುಗಿದರೆ ಖಾರದ ಬೆರಳು ತಾಗದಂತೆ ಮಣಿಕಟ್ಟಿನಿಂದ ಒತ್ತಿ ಮಾತಾಡುತ್ತಾಳೆ. ಆ ಮಣಿಕಟ್ಟಿನ ಜಾಣ್ಮೆ ಇವತ್ತಿನದು; ಯಾವ ಅಜ್ಜಿಗೂ ಅದು ಬೇಕಾಗಿರಲಿಲ್ಲ. ಅವಳಿಗೆ ಆಳೆತ್ತರ ಯಾವಾಗ? ಯಂತ್ರ ಬಂದು ಅವಳ ಕೆಲಸ ಹೋದ ಮೇಲೆಯೇ?

ಅಲ್ಲಿಯವರೆಗೆ ಕಾಯಬೇಕಿಲ್ಲ. ನಮ್ಮ ಫೋನುಗಳಲ್ಲಿ ಮದುವೆ, ಜಾತ್ರೆಯ ವಿಡಿಯೊ ಬೇಕಾದಷ್ಟಿವೆ. ಈ ವಾರ ನಿಮ್ಮ ಮನೆಯಲ್ಲೋ ಹೊಲದಲ್ಲೋ ನಡೆಯುವ ಒಂದು ಕೆಲಸ ಹಿಡಿದಿಡಿ. ಮೊದಲು ಮಾಡುವವರನ್ನು ಕೇಳಿ, ಒಲ್ಲೆ ಎಂದರೆ ಬಿಡಿ. ಹಿಂದೆ ಸಿನಿಮಾ ಹಾಡು ಹಾಕಬೇಡಿ, ಕೆಲಸದ ಸಪ್ಪಳವೇ ಇರಲಿ. ಒಪ್ಪಿದರೆ ಅವರ ಹೆಸರು, ಊರು, ತಾರೀಖು ಬರೆದಿಡಿ. ಆ ದಿನದ ಕೂಲಿ ಎಷ್ಟಿತ್ತು ಎಂಬುದನ್ನೂ.