ಬಿಗಿಯೂ ಬಲವೂ

ದಯೆಗೆ ಅಗ್ರಸ್ಥಾನವಿತ್ತ ಶರಣಮಾರ್ಗದಲ್ಲಿ ಬಲಪ್ರಯೋಗಕ್ಕೆ ಎಡೆಯುಂಟೆ? ಈ ಪ್ರಶ್ನೆಯನ್ನು ಯುದ್ಧ, ದಂಡನೆಗಳ ಪ್ರಸಂಗದಲ್ಲಿ ಎತ್ತುವುದು ವಾಡಿಕೆ. ಗೃಹಸ್ಥನ ಮನೆಯಂಗಳದಲ್ಲಿಯೂ ಅದು ಎದುರಾಗುವುದುಂಟು.

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ಇಂದಿಗೂ ಅನೇಕರ ಮನೆಗಳಲ್ಲಿ ಉಳಿದಿವೆ. ತಂದೆಯ ಕಾಲದ ಜಾವಾ ಗಾಡಿಯನ್ನು ಒಬ್ಬ ಗೃಹಸ್ಥನು ತಾನೇ ಬಿಚ್ಚಲು ಕುಳಿತನೆನ್ನೋಣ. ಡೈನಮೋವಿನ ಆರ್ಮೇಚರನ್ನು ಹಿಡಿದ ಬೋಲ್ಟು ಬಂದಿತು. ಆರ್ಮೇಚರು ಮಾತ್ರ ಕದಲದು. ಕ್ರ್ಯಾಂಕಿನ ತುದಿಯು ಬರಬರುತ್ತ ಸಣ್ಣಗಾಗಿದೆ. ಅದಕ್ಕೆ ಹೊಂದುವ ರಂಧ್ರವು ಆರ್ಮೇಚರಿನಲ್ಲಿದೆ. ಬೋಲ್ಟನ್ನು ಬಿಗಿದಷ್ಟೂ ಎರಡು ಮೈಗಳು ಕಚ್ಚಿಕೊಳ್ಳುತ್ತವೆ. ವರ್ಷಗಳು ಕಳೆದು ತುಕ್ಕೂ ಸೇರಿದರೆ, ಬೋಲ್ಟು ಹೋದಮೇಲೂ ಹಿಡಿತ ಹೋಗದು.

ಅರ್ಧ ಗಂಟೆ ಎಳೆದಾಡಿದವನಿಗೆ ಆ ಲೋಹವು ತನ್ನೊಡನೆ ಹಟ ಹೂಡಿದೆಯೆಂದು ತೋರುತ್ತದೆ. ಹಟವು ಲೋಹದ್ದಲ್ಲ. ಗಾಡಿ ಓಡುವಾಗ ಸಡಿಲದೆ ಹಿಡಿದಿರುವುದೇ ಅದಕ್ಕೆ ಒಪ್ಪಿಸಿದ ಕೆಲಸ. ಅದನ್ನು ಅದು ಲೋಪವಿಲ್ಲದೆ ನಡೆಸಿದೆ. ಜಡವಸ್ತುವಿಗೆ ಹಗೆತನವನ್ನು ಆರೋಪಿಸುವವನು ತನ್ನ ಕೋಪಕ್ಕೆ ನೆಪವೊಂದನ್ನು ಕಲ್ಪಿಸಿಕೊಳ್ಳುತ್ತಾನೆ. (ಮಾತು ಕೇಳದ ಮಗನ ವಿಷಯದಲ್ಲಿಯೂ ಹೀಗೆ ನಡೆಯುವುದು ಅಪರೂಪವಲ್ಲ.) ಆಮೇಲೆ ಸುತ್ತಿಗೆ ಕೈಗೆ ಬರುತ್ತದೆ. ಈ ಎಂಜಿನ್ನಿನ ಕ್ರ್ಯಾಂಕು ಒಂದೇ ತುಂಡಲ್ಲ, ಭಾಗಗಳನ್ನು ಒತ್ತಿ ಕೂಡಿಸಿದುದು. ಅಡ್ಡಪೆಟ್ಟು ಬಿದ್ದರೆ ಅದರ ನೇರ ತಪ್ಪಬಹುದು, ಬೇರಿಂಗು ಕೆಡಬಹುದು. ಸ್ಕ್ರೂಡ್ರೈವರು ತೂರಿಸಿ ಮೀಟಿದರೆ ಅಲ್ಯೂಮಿನಿಯಮ್ ಕವಚವೇ ಸೀಳಬಹುದು. ತಂದೆ ಬಿಟ್ಟುಹೋದ ಗಾಡಿಯನ್ನು ಉಳಿಸಹೋದ ಮಗನೇ ಅದನ್ನು ಕೆಡಿಸಿದಂತಾಯಿತು.

ಹಾಗಾದರೆ ಬಲವನ್ನೇ ತ್ಯಜಿಸಬೇಕೆ? ತ್ಯಜಿಸಿದರೆ ಆರ್ಮೇಚರು ಬರುವುದಿಲ್ಲ. ಮೆಕ್ಯಾನಿಕ್ಕರು ಪುಲ್ಲರ್ ಎಂಬ ಸಾಧನವನ್ನು ಬಳಸುತ್ತಾರೆ. ಅದರ ಬೋಲ್ಟು ಆರ್ಮೇಚರಿನ ತ್ರೆಡ್ಡಿಗೆ ಹತ್ತಿ ಕ್ರ್ಯಾಂಕಿನ ತುದಿಯನ್ನು ನೇರವಾಗಿ ಒತ್ತುತ್ತದೆ. ಆ ಒತ್ತಡವು ಅಲ್ಪವೇನಲ್ಲ. ಆದರೆ ಅದು ಅಡ್ಡಾದಿಡ್ಡಿಯಾಗಿ ಬೀಳದೆ, ಬೀಳಬೇಕಾದಲ್ಲಿ ಮಾತ್ರ ಬೀಳುತ್ತದೆ. ಬಿಗಿದು, ಬೋಲ್ಟಿನ ತಲೆಗೆ ಮೆಲ್ಲನೆ ತಟ್ಟಿ, ತುಸು ಕಾದರೆ, ವರ್ಷಗಳ ಹಿಡಿತವು ಥಟ್ಟನೆ ಬಿಡುತ್ತದೆ. ಮಡಿವಾಳ ಮಾಚಯ್ಯನವರ ಕಾಯಕದಲ್ಲಿ ಬಟ್ಟೆಯನ್ನು ಒಗೆಯುವುದಿತ್ತು, ಮೇದಾರ ಕೇತಯ್ಯನವರ ಕಾಯಕದಲ್ಲಿ ಬಿದಿರನ್ನು ಸೀಳುವುದಿತ್ತು. ಬಲವಿಲ್ಲದೆ ಇವೆರಡೂ ಆಗವು. ಆದರೆ ಬಿದಿರನ್ನು ಸೀಳುವವನು ಅದರ ಎಳೆಯ ಜಾಡನ್ನು ಹಿಡಿದೇ ಸೀಳುತ್ತಾನೆ. ಅರಿವು ಬೆರೆತ ಕ್ರಿಯೆಯೆಂದರೆ ಇದೇ. ದಯೆಗೆ ವಿರೋಧಿಯಾದುದು ಬಲವಲ್ಲ, ಕುರುಡಾದ ಬಲ.

ಪುಲ್ಲರ್ ಇಲ್ಲದವನು ಕೆಲಸವನ್ನು ಮೆಕ್ಯಾನಿಕ್ಕನಿಗೆ ಒಪ್ಪಿಸುವುದು ಸೋಲೆಂದು ಕೆಲವರು ಭಾವಿಸುತ್ತಾರೆ. ಸ್ವಂತ ಕೈಯ ದುಡಿಮೆಯು ಶ್ರೇಷ್ಠವೆಂಬುದು ನಿಜವೇ. ಆದರೆ ‘ನಾನೇ ತೆಗೆಯಬೇಕು’ ಎಂಬಲ್ಲಿ ದುಡಿಮೆಯ ಪಾಲೆಷ್ಟು, ‘ನಾನು’ ಎಂಬುದರ ಪಾಲೆಷ್ಟು ಎಂದು ಆ ಗೃಹಸ್ಥನು ಸುತ್ತಿಗೆಯೆತ್ತುವ ಮುನ್ನ ಕೇಳಿಕೊಳ್ಳಬಹುದು. ಇನ್ನೊಬ್ಬನ ಕಾಯಕದಲ್ಲಿ ಪಳಗಿದ ಕೈಗೆ ಮರ್ಯಾದೆ ಕೊಡುವುದೂ ಕಾಯಕನಿಷ್ಠೆಯೇ.

ಮರಳಿ ಜೋಡಿಸುವಾಗ ಆ ಎರಡು ಮೈಗಳಿಗೆ ಎಣ್ಣೆ ಹಚ್ಚಲಾಗದು. ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಕಳಚುವಾಗ ಅಷ್ಟು ಕಾಡಿದ ಆ ಬಿಗಿಯು ಗಾಡಿ ಓಡುವಾಗ ಮತ್ತೆ ಬೇಕಾಗುತ್ತದೆ.