ಇದನ್ನೇ ಮತ್ತೆ ಕೊಳ್ಳುವಿರಾ?

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಆರಾಮಕುರ್ಚಿಗೆ ಒರಗಿದ್ದೆ. ಫೋನು ಬಂತು. ನಮ್ಮ ಕಾರನ್ನು ತಯಾರಿಸಿದ ಕಂಪೆನಿಯ ಪರವಾಗಿ ಮಾತನಾಡುತ್ತಿರುವುದಾಗಿ ಹೇಳಿದ ಹೆಣ್ಣುಮಗಳೊಬ್ಬಳು ಬಹಳ ವಿನಯದಿಂದ ಐದಾರು ಪ್ರಶ್ನೆಗಳನ್ನು ಕೇಳಿದಳು. ಪೆಟ್ರೋಲು ಎಷ್ಟು ಕುಡಿಯುತ್ತದೆ, ಸೀಟು ಹಿತವಾಗಿದೆಯೆ, ಸರ್ವೀಸಿನವರು ಮರ್ಯಾದೆಯಿಂದ ಮಾತನಾಡಿಸುತ್ತಾರೆಯೆ, ಎಲ್ಲಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟೆ. ಪರೀಕ್ಷಕನಾಗುವ ಸುಖ ಯಾರಿಗೆ ಬೇಡ? ಕೊನೆಗೆ ಅವಳು ಕೇಳಿದಳು: “ಸಾರ್, ಮತ್ತೆ ಕಾರು ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೀರಾ?”

ನನ್ನ ನಾಲಗೆ ತಡವರಿಸಿತು. “ಇನ್ನೊಮ್ಮೆ ಹೇಳುತ್ತೇನಮ್ಮಾ” ಎಂದು ಫೋನು ಇಟ್ಟುಬಿಟ್ಟೆ. ಮುದುಕರಿಗೆ ನಿದ್ದೆಯ ಹೊತ್ತು ಎಂದುಕೊಂಡಿರಬೇಕು ಅವಳು. ನಿಜಸಂಗತಿಯೆಂದರೆ ಈ ಪ್ರಶ್ನೆಯನ್ನು ಹಿಂದೆಯೂ ಒಬ್ಬರು ನನ್ನನ್ನು ಕೇಳಿದ್ದರು. ಅಂದು ನಾನು ಕೊಟ್ಟ ಉತ್ತರದ ವಿಚಾರ ಆಮೇಲೆ ಹೇಳುತ್ತೇನೆ.

ಪ್ರಶ್ನೆ ಹೊಸದೇನಲ್ಲ. 1936ರಲ್ಲಿ ಹುಟ್ಟಿದ, ಜಾಹೀರಾತನ್ನು ಹತ್ತಿರ ಸೇರಿಸದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಅಮೆರಿಕದ ಸಂಸ್ಥೆಯೊಂದು ತನ್ನ ಸದಸ್ಯರನ್ನು ಇದನ್ನೇ ಕೇಳುತ್ತದೆ: ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, ನೀವು ಈ ಕಾರನ್ನೇ ಮತ್ತೆ ಕೊಳ್ಳುವಿರೋ ಇಲ್ಲವೋ? ಪ್ರಶ್ನೆಯಲ್ಲಿ ಜಾಣತನವಿದೆ. ‘ಕಾರು ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದುಬಿಡುವುದು ಲೋಕರೂಢಿ, ‘ಹೇಗಿದ್ದೀರಿ?’ ಎಂದರೆ ಸೊಂಟನೋವನ್ನು ಮರೆಮಾಚಿ ‘ಚೆನ್ನಾಗಿದ್ದೇವೆ’ ಎನ್ನುವ ಹಾಗೆ. ‘ಮತ್ತೆ ಹಣ ಸುರಿಯುತ್ತೀಯಾ?’ ಎಂದರೆ ಮಾತ್ರ ಮನುಷ್ಯ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ.

ನಮ್ಮ ದೇಶದಲ್ಲಿ ಬಹುಕಾಲ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಮುಂಬಯಿಯಲ್ಲಿ ತಯಾರಾಗುತ್ತಿದ್ದ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್: ಮಧ್ಯಮವರ್ಗದವನ ಕನಸು ಈ ಮೂರರಾಚೆಗೆ ಹೋಗುವಂತಿರಲಿಲ್ಲ. ಹಣ ಕಟ್ಟಿ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕು. ಗಂಡುಮಗು ತೊಟ್ಟಿಲಲ್ಲಿದ್ದಾಗ ಹಣ ಕಟ್ಟಿದವರು, ಅವನು ಶಾಲೆಗೆ ಹೋಗುವ ಹೊತ್ತಿಗೆ ಗಾಡಿ ಬಿಡಿಸಿಕೊಂಡರೆ ಅದೇ ಪುಣ್ಯ. ಹಾಗೆ ಬಂದ ಗಾಡಿಯ ಬಾಗಿಲು ಸರಿಯಾಗಿ ಮುಚ್ಚದಿದ್ದರೂ, ಮಳೆನೀರು ಕಾಲಬುಡಕ್ಕೆ ಬಂದರೂ, ಮನೆಯ ಸೊಸೆಯ ಸ್ವಭಾವದಂತೆ ಅದನ್ನು ಒಪ್ಪಿಕೊಂಡು ಬಾಳುತ್ತಿದ್ದರು. (ಸೊಸೆಯಂದಿರು ಕ್ಷಮಿಸಬೇಕು. ಅತ್ತೆಯ ಸ್ವಭಾವವೆಂದೂ ಓದಿಕೊಳ್ಳಬಹುದು.) ದೋಷವೇನಿದ್ದರೂ ಸರ್ಕಾರದ್ದು, ಇಲ್ಲವೆ ಹಣೆಬರಹದ್ದು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ರಸ್ತೆಗಿಳಿಯಿತು. ಮುಂದೆ ಹತ್ತು ಹದಿನೈದು ವರ್ಷಗಳಲ್ಲಿ ಅಂಗಡಿ ತುಂಬ ಕಾರುಗಳಾದವು. ಆಯ್ಕೆ ಬಂದ ಹಿಂದೆಯೇ ಪಶ್ಚಾತ್ತಾಪವೂ ಬಂತು. ‘ನಾನೇ ಆರಿಸಿದೆ’ ಎಂದಮೇಲೆ ಬೈಯಲು ಮತ್ತಾರೂ ಉಳಿಯುವುದಿಲ್ಲವಲ್ಲ!

ಪ್ರಶ್ನೆಯ ತೊಡಕೂ ಅಲ್ಲೇ ಇದೆ. ‘ಇದನ್ನೇ ಮತ್ತೆ ಕೊಳ್ಳುತ್ತೀರಾ?’ ಎಂದಾಗ ಕೇಳುವವನು ಕಾರಿನ ಬಗ್ಗೆ ಕೇಳುತ್ತಿರುತ್ತಾನೆ. ಉತ್ತರ ಹೇಳುವವನು ತನ್ನ ಬಗ್ಗೆ ಹೇಳುತ್ತಿರುತ್ತಾನೆ. ‘ಇಲ್ಲ’ ಎಂದರೆ ಅಂದು ಆರು ಲಕ್ಷ ಎಣಿಸಿಕೊಟ್ಟ ನಾನು ಮಂಕನೆಂದು ಒಪ್ಪಿಕೊಂಡಂತೆ ತೋರುತ್ತದೆ. ಹಾಗೆ ತೋರಬೇಕಾದ ಅಗತ್ಯವೇನೂ ಇಲ್ಲ. ನಾಲ್ಕು ಜನರನ್ನು ವಿಚಾರಿಸಿ, ಓಡಿಸಿ ನೋಡಿ ಕೊಂಡ ಗಾಡಿಯೂ ಕೈಕೊಡಬಹುದು; ಬಣ್ಣಕ್ಕೆ ಮನಸೋತು ಕೊಂಡದ್ದು ಇಪ್ಪತ್ತು ವರ್ಷ ಬಾಳಬಹುದು. ಮೊದಲನೆಯವನು ಅವಿವೇಕಿಯಲ್ಲ, ಎರಡನೆಯವನು ವಿವೇಕಿಯಲ್ಲ. ಇಷ್ಟು ತಿಳಿದಿದ್ದರೂ ನಾವು ಫಲವನ್ನೇ ನೋಡಿ ಬುದ್ಧಿಯನ್ನು ಅಳೆಯುತ್ತೇವೆ. ಅಳತೆಗೆ ಸಿಕ್ಕಿಬೀಳುವ ಭಯಕ್ಕೆ ಫಲವನ್ನೇ ಬಚ್ಚಿಡುತ್ತೇವೆ.

ಇನ್ನು ‘ಇದನ್ನೇ’ ಎಂಬ ಮಾತು. ರಥದಲ್ಲಿ ಬಂದ ಮಿಲಿಂದ ರಾಜನನ್ನು ನಾಗಸೇನ ಭಿಕ್ಷು ಕೇಳಿದನಂತೆ: ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ? ನಮ್ಮ ಗ್ಯಾರೇಜಿನವನು ಅಷ್ಟು ಓದಿದವನಲ್ಲವಾದರೂ ಬ್ಯಾಟರಿ, ಟೈರು, ಕ್ಲಚ್ ಪ್ಲೇಟು ಎಂದು ಒಂದೊಂದಾಗಿ ಬದಲಾಯಿಸುತ್ತ ನನ್ನನ್ನು ಅದೇ ವೇದಾಂತಕ್ಕೆ ತಂದು ನಿಲ್ಲಿಸಿದ್ದಾನೆ. ಬೇಕೆಂದರೂ ‘ಇದನ್ನೇ’ ಕೊಳ್ಳಲು ಸಿಗದ ಸಂದರ್ಭಗಳೂ ಉಂಟು. 2020ರ ಏಪ್ರಿಲಿನಿಂದ ಹೊಗೆಯ ನಿಯಮ ಬಿಗಿಯಾದಾಗ ಮಾರುತಿಯವರು ಡೀಸೆಲ್ ಕಾರುಗಳನ್ನೇ ಕೈಬಿಟ್ಟರು. ಅಂಬಾಸಿಡರಿನ ತಯಾರಿಕೆ 2014ರಲ್ಲೇ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದಾಗ ಎಷ್ಟೋ ಜನ ಮರುಗಿದರು. ಅದು ಸುಳ್ಳು ಮರುಕವಲ್ಲ. ಆದರೆ ಅವರಲ್ಲಿ ಎಷ್ಟು ಮಂದಿ ಆ ಗಾಡಿಯನ್ನೇ ಮತ್ತೆ ಕೊಂಡು ಸೆಕೆಯಲ್ಲಿ ಬೆವರುತ್ತ ಅದರ ಸ್ಟಿಯರಿಂಗ್ ತಿರುಗಿಸಿಯಾರು? ಗಾಡಿಯನ್ನು ಪ್ರೀತಿಸುವುದು ಬೇರೆ, ಇನ್ನೊಬ್ಬನಿಗೆ ‘ಕೊಳ್ಳಿ’ ಎನ್ನುವುದು ಬೇರೆ.

ಈಗ ನನ್ನ ಕಥೆ. ಕಂಪೆನಿಯ ಹೆಸರು ಬೇಡ. ಕಾರನ್ನು 2016ರಲ್ಲಿ ಕೊಂಡೆ. ಮನೆಯವರು ಬೇರೊಂದನ್ನು ಸೂಚಿಸಿದ್ದರು. ‘ನಿಮಗೆ ಇವೆಲ್ಲ ತಿಳಿಯುವುದಿಲ್ಲ’ ಎಂದು ನಾನು ಇದನ್ನು ತಂದೆ. ಎರಡು ವರ್ಷ ತುಂಬುವುದರೊಳಗೆ ಎರಡು ಸಲ ಕ್ಲಚ್ ಹೋಯಿತು. ಆ ವೇಳೆಗೆ ಎದುರುಮನೆಯ ಮೇಷ್ಟ್ರು ನಿವೃತ್ತರಾಗಿ, ಬಂದ ಹಣದಲ್ಲಿ ಒಂದು ಪಾಲನ್ನು ಕಾರಿಗೆಂದು ತೆಗೆದಿಟ್ಟಿದ್ದರು. ಜೀವಮಾನವೆಲ್ಲ ಬಸ್ಸಿನಲ್ಲಿ ಓಡಾಡಿದವರು. ಒಂದು ಸಂಜೆ ನಮ್ಮ ಜಗುಲಿಯಲ್ಲಿ ಕುಳಿತು, “ರಾಯರೇ, ನಿಮಗೆ ಅನುಭವವಿದೆ. ಮತ್ತೆ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೀರಾ?” ಎಂದರು. ಮನೆಯವರು ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ನಾನು ಸುಳ್ಳು ಹೇಳಲಿಲ್ಲ. “ಎಂಜಿನ್ನು ಬಹಳ ನಯ ಮೇಷ್ಟ್ರೇ” ಎಂದೆ. ಅದು ನಿಜ. “ಏಕೆ ಕೊಳ್ಳಬಾರದು?” ಎಂದೆ. ಅದು ಪ್ರಶ್ನೆ, ಪ್ರಶ್ನೆ ಸುಳ್ಳಾಗಲಾರದು. ಧರ್ಮರಾಯ ದ್ರೋಣರ ಮುಂದೆ ಮಾಡಿದ್ದೂ ಇಷ್ಟೇ ತಾನೆ? ಸತ್ತದ್ದು ಆನೆಯೆಂಬ ಮಾತನ್ನು ಅವನೂ ಆಡಿದ, ಆದರೆ ಕೇಳಿಸದ ಹಾಗೆ ಆಡಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣದಲ್ಲಿ ಮಣ್ಣಿಗೆ ತಾಗಿತೆನ್ನುತ್ತಾರೆ. ನನ್ನ ಗಾಡಿ ಮೊದಲಿನಿಂದಲೂ ಹಳ್ಳದಲ್ಲೇ ಓಡುತ್ತಿದ್ದುದರಿಂದ ನನಗೆ ಏನೂ ತಿಳಿಯಲಿಲ್ಲ.

ಮೇಷ್ಟ್ರು ಅದನ್ನೇ ಕೊಂಡರು. ಮರುವರ್ಷ ಆಷಾಢದ ಮಳೆಯಲ್ಲಿ, ಧರ್ಮಸ್ಥಳಕ್ಕೆ ಹೊರಟ ದಾರಿಯಲ್ಲಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಅವರ ಗಾಡಿ ನಿಂತಿತು. ಜೊತೆಯಲ್ಲಿ ಹೆಂಡತಿ, ಬಸುರಿ ಮಗಳು. ಕತ್ತಲಾಗುವವರೆಗೆ ಅಲ್ಲೇ ಇದ್ದು, ಹಾದುಹೋಗುವ ಜೀಪಿನವರ ದಯೆಯಿಂದ ಉಜಿರೆ ಸೇರಿದರು. ಊರಿಗೆ ಬಂದ ಮೇಲೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಬೈಯುತ್ತಾರೆಂದುಕೊಂಡೆ. “ರಾಯರೇ, ಕ್ಲಚ್ ಹೋಗಿದೆಯಂತೆ. ನೀವು ಎಲ್ಲಿ ಮಾಡಿಸಿದಿರಿ?” ಎಂದರು. ಮಾಡಿಸಿದ್ದೀರಾ ಎಂದು ಕೇಳಲಿಲ್ಲ. ಎಲ್ಲಿ ಎಂದು ಕೇಳಿದರು. ಗ್ಯಾರೇಜಿನವನು ಅವರಿಗೆ ಯಾವುದೋ ಹೊತ್ತಿನಲ್ಲಿ ಹೇಳಿಬಿಟ್ಟಿರಬೇಕು.

ನನ್ನಲ್ಲಿ ಸಮಾಧಾನಗಳೇನೂ ಕಡಮೆ ಇರಲಿಲ್ಲ. ಒಂದು ಗಾಡಿಯ ರೋಗ ಇನ್ನೊಂದಕ್ಕೆ ಬರಬೇಕೆಂದೇನಿದೆ? ಒಬ್ಬನ ಅನುಭವ ಒಂದೇ ಗಾಡಿಯ ಅನುಭವ. ಅದರಿಂದ ಸಿದ್ಧಾಂತ ಹೊರಡದು. ತರ್ಕ ಸರಿಯಾಗಿಯೇ ಇದೆ. ಆದರೆ ಅದನ್ನು ತೂಗಿ ನೋಡಬೇಕಾದವರು ಹಣ ಕೊಡುವ ಮೇಷ್ಟ್ರು, ನಾನಲ್ಲ. ಎರಡು ಕ್ಲಚ್ಚಿನ ಸಂಗತಿಯನ್ನು ಅವರ ಮುಂದಿಟ್ಟು, ಈ ತರ್ಕವನ್ನೂ ಪಕ್ಕದಲ್ಲಿಟ್ಟಿದ್ದರೆ, ಅವರು ಅದನ್ನೇ ಕೊಂಡಿದ್ದರೂ ನನ್ನದೇನೂ ಇರುತ್ತಿರಲಿಲ್ಲ. ನಾನು ಉಳಿಸಿಕೊಂಡದ್ದಾದರೂ ಏನು? ಬಾಗಿಲಲ್ಲಿ ಲೋಟ ಹಿಡಿದು ನಿಂತವರ ಮುಂದೆ ನನ್ನ ಜಾಣತನ. ಆ ಜಾಣತನದ ವಿಷಯ ಅವರಿಗೆ ಮದುವೆಯಾದ ವರ್ಷದಿಂದಲೂ ಗೊತ್ತು.

ನಿನ್ನೆ ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವನು, ಮೇಷ್ಟ್ರ ಗೇಟಿನ ಬಳಿ ನಮ್ಮಿಬ್ಬರನ್ನೂ ಹಿಡಿದ. ಈ ಕಾರನ್ನೇ ಸೆಕೆಂಡ್‌ಹ್ಯಾಂಡ್ ನೋಡಿಕೊಂಡು ಬಂದಿದ್ದಾನೆ. ಮೇಷ್ಟ್ರು ಒಳಗೆ ಹೋಗಿ ಒಂದು ನೋಟುಬುಕ್ಕು ತಂದರು. ಯಾವ ದಿನ ಏನು ಕೆಟ್ಟಿತು, ಎಷ್ಟು ಕೊಟ್ಟರು, ಎಷ್ಟು ಕಿಲೋಮೀಟರು ಓಡಿತ್ತು ಎಂಬುದನ್ನೆಲ್ಲ ತರಗತಿಯ ಹಾಜರಿಯಂತೆ ಓದಿದರು. “ಮೊಮ್ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದರಲ್ಲೇ. ಮಾರುವುದಕ್ಕೆ ಮನಸ್ಸಿಲ್ಲ. ಮತ್ತೆ ಕೊಳ್ಳುವುದಂತೂ ಇಲ್ಲ” ಎಂದರು.

ಹುಡುಗ ನನ್ನ ಕಡೆ ತಿರುಗಿದ. “ಅಂಕಲ್, ನಿಮ್ಮದೂ ಅದೇ ಅಲ್ಲವೆ? ನೀವು?”

ಮೇಷ್ಟ್ರು ಗೇಟಿನ ಚಿಲಕವನ್ನು ನೋಡುತ್ತಿದ್ದರು.

“ಇಲ್ಲಪ್ಪ, ಕೊಳ್ಳುವುದಿಲ್ಲ” ಎಂದೆ. “2018ರಲ್ಲಿ ಕೇಳಿದ್ದರೂ ಕೊಳ್ಳುತ್ತಿರಲಿಲ್ಲ.”

ಹುಡುಗನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ವಂದನೆ ಹೇಳಿ ಹೊರಟ. ಮೇಷ್ಟ್ರು ನೋಟುಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಗೇಟನ್ನು ಇನ್ನಷ್ಟು ತೆರೆದು, “ಬನ್ನಿ ರಾಯರೇ, ಕಾಫಿ ಆಗಿದೆ” ಎಂದರು.